ಮಹಾಬಳೇಶ್ವರಕ್ಕೆ ಯಾವ ಕಾಲದಲ್ಲಿ ಹೋಗೋಣ?

ಮೇ ತಿಂಗಳು ಬಂತೆಂದರೆ ನಮ್ಮ ಜತ್ತ ತಾಲ್ಲೂಕಿನ ಮನೆಗಳಲ್ಲಿ ಮಕ್ಕಳದು ಒಂದೇ ಹಟ: "ಎಲ್ಲಿಯಾದರೂ ತಂಪಾದ ಊರಿಗೆ ಹೋಗೋಣ!" ನಮಗೆ ಹತ್ತಿರದ ಗಿರಿಧಾಮವೆಂದರೆ ಸಾತಾರಾ ಜಿಲ್ಲೆಯ ಮಹಾಬಳೇಶ್ವರ. ಸಮುದ್ರಮಟ್ಟದಿಂದ ಸುಮಾರು 1,350 ಮೀಟರ್ ಎತ್ತರದಲ್ಲಿದೆ. ಸಾಂಗಲಿ, ಕರಾಡ, ಸಾತಾರಾ ದಾಟಿ ಘಟ್ಟ ಹತ್ತಿದರೆ ಒಂದು ಹಗಲಿನ ದಾರಿ. ಆದರೆ ಕಾಲ ನೋಡದೆ ಹೊರಟರೆ ಹಣವೂ ಹೋಗುತ್ತದೆ, ಹುರುಪೂ ಹೋಗುತ್ತದೆ. ನಾವು ಇದನ್ನು ಅನುಭವದಿಂದಲೇ ಕಲಿತೆವು.

ನಮ್ಮ ತಪ್ಪು

ಮ್ಹೈಸಾಳ ಏತ ನೀರಾವರಿಯ ಕಾಲುವೆಯಲ್ಲಿ ಕೃಷ್ಣೆಯ ನೀರನ್ನು ಕಂಡ ದಿನ ನಮ್ಮ ಅವ್ವ, "ಈ ನೀರು ಹುಟ್ಟೂ ಜಾಗಾ ಒಮ್ಮಿ ನೋಡಬೇಕಪಾ" ಎಂದಿದ್ದಳು. ಆಗಸ್ಟಿನಲ್ಲಿ ಕೋಣೆಗಳ ಬಾಡಿಗೆ ಕಡಿಮೆಯೆಂದು ಕೇಳಿ ನಾವು ಆಗಲೇ ಕರೆದೊಯ್ದೆವು. ಅವ್ವನಿಗೆ ದಮ್ಮಿನ ತೊಂದರೆ ಇತ್ತು. ಅಲ್ಲಿ ಹತ್ತು ಹೆಜ್ಜೆ ಮುಂದಿನದೂ ಕಾಣದಷ್ಟು ಮಂಜು. ಹಾಸಿಗೆ, ಬಟ್ಟೆ ಎಲ್ಲವೂ ತೇವ. ಎರಡು ರಾತ್ರಿ ಅವಳು ಕುಳಿತೇ ಬೆಳಗು ಮಾಡಿದಳು. ಮೂರನೆಯ ದಿನ ಏನನ್ನೂ ನೋಡದೆ ತಿರುಗಿ ಬಂದೆವು. ಉಳಿಸಿದ ಬಾಡಿಗೆ ಔಷಧಿಗೆ ಹೋಯಿತು.

ಮಳೆಗಾಲ

ಮಹಾಬಳೇಶ್ವರದಲ್ಲಿ ವರ್ಷಕ್ಕೆ 5,000 ಮಿಲಿಮೀಟರಿಗೂ ಹೆಚ್ಚು ಮಳೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುತ್ತದೆ. 2021ರ ಜುಲೈನಲ್ಲಿ ಒಂದೇ ದಿನ ಸುಮಾರು 594 ಮಿಲಿಮೀಟರ್ ಬಿತ್ತು. ನಮ್ಮ ಜತ್ತದಲ್ಲಿ ಇಡೀ ವರ್ಷಕ್ಕೆ ಬೀಳುವುದು ಹೆಚ್ಚುಕಡಿಮೆ ಅಷ್ಟೇ. ಆಗ ಸಾತಾರಾ ಜಿಲ್ಲೆಯ ಘಟ್ಟದ ಹಳ್ಳಿಗಳಲ್ಲಿ ಗುಡ್ಡ ಕುಸಿದು ಜೀವಗಳು ಹೋದವು. ಮುದುಕರು, ಕೂಸುಗಳು, ಉಬ್ಬಸದವರು ಇರುವ ಕುಟುಂಬಕ್ಕೆ ಈ ಕಾಲ ಬೇಡವೇ ಬೇಡ. ಮಳೆ ಇಳಿಮುಖವಾದ ಮೇಲೆ, ಸೆಪ್ಟೆಂಬರಿನಲ್ಲಿ ಸಾತಾರಾ ಬಳಿಯ ಕಾಸ ಪಠಾರದಲ್ಲಿ ಹೂಗಳು ಅರಳುತ್ತವೆ. ನಡೆಯಬಲ್ಲ ಯುವಕರು ಅದನ್ನು ನೋಡಬಹುದು.

ಬೇಸಿಗೆ

ಸಾವಿರ ಮೀಟರ್ ಮೇಲೇರಿದರೆ ಉಷ್ಣತೆ ಸುಮಾರು 6 ಡಿಗ್ರಿ ಇಳಿಯುತ್ತದೆ. ಆದ್ದರಿಂದಲೇ ಮುಂಬಯಿಯ ಗವರ್ನರ್ ಜಾನ್ ಮಾಲ್ಕಮ್ 1828ರ ಸುಮಾರಿಗೆ ಇಲ್ಲಿ ಬ್ರಿಟಿಷರ ಬೇಸಿಗೆಯ ಬೀಡನ್ನು ಕಟ್ಟಿಸಿದನು. ಆದರೆ ಮೇ ತಿಂಗಳಲ್ಲಿ ಮುಂಬಯಿ, ಪುಣೆಯವರೆಲ್ಲ ಅಲ್ಲಿಗೇ ಬರುತ್ತಾರೆ. ಬಾಡಿಗೆ ಏರುತ್ತದೆ, ಪಸರಣಿ ಘಟ್ಟದಲ್ಲಿ ಗಾಡಿಗಳ ಸಾಲು ನಿಲ್ಲುತ್ತದೆ. ಮಕ್ಕಳ ರಜೆಗಾಗಿ ಬೇಸಿಗೆಯಲ್ಲೇ ಹೋಗಬೇಕಾದರೆ ಶನಿವಾರ, ಭಾನುವಾರ ಬಿಟ್ಟು ನಡುವಾರದಲ್ಲಿ ಹೋಗಿರಿ.

ಚಳಿಗಾಲ

ಮಳೆ ನಿಂತ ಮೇಲೆ, ನವೆಂಬರಿನಲ್ಲಿ, ಗಾಳಿ ತಿಳಿಯಾಗಿ ಕಣಿವೆಗಳು ದೂರದವರೆಗೂ ಕಾಣುತ್ತವೆ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಸ್ಟ್ರಾಬೆರಿ ಸುಗ್ಗಿ. ಆದರೆ ಡಿಸೆಂಬರ್, ಜನವರಿಯ ಬೆಳಗಿನ ಚಳಿ ಕಟುವಾದದ್ದು. ಕೆಲವು ವರ್ಷ ವೆಣ್ಣಾ ಕೆರೆಯ ಸುತ್ತ ಇಬ್ಬನಿ ಹೆಪ್ಪುಗಟ್ಟುತ್ತದೆ. ಕ್ರಿಸ್ಮಸ್ ವಾರದಲ್ಲಿ ಮತ್ತೆ ಜನಜಂಗುಳಿ. ದೀಪಾವಳಿ ರಜೆಯ ಕೊನೆಯ ದಿನಗಳೇ ಕುಟುಂಬಕ್ಕೆ ಅನುಕೂಲವೆಂದು ನಮಗೆ ಅನಿಸಿದೆ. ಭಾನುವಾರ ಅಲ್ಲಿದ್ದರೆ ಕಥೋಲಿಕ ದೇವಾಲಯವೂ ಇದೆ. ಬಲಿಪೂಜೆಯ ಸಮಯವನ್ನು ಮೊದಲೇ ವಿಚಾರಿಸಿರಿ.

ದ್ರಾಕ್ಷಿ ಬೆಳೆಯುವ ನಮ್ಮಂಥವರಿಗೆ ಇಲ್ಲೊಂದು ತೊಡಕು. ಅಕ್ಟೋಬರ್ ಚಾಟಣಿಯ ನಂತರ ಬಳ್ಳಿಗೆ ಔಷಧ ಹೊಡೆಯುವ ಕೆಲಸ ತಪ್ಪಿಸುವಂತಿಲ್ಲ. ಮರುವರ್ಷ ನವೆಂಬರಿನಲ್ಲಿ ನಾವು ಹೊರಟಾಗ ತಮ್ಮ ತೋಟದಲ್ಲೇ ಉಳಿದ. "ಅವ್ವನ್ನ ಕರಕೊಂಡ ಹೋಗ್ರಿ, ನಾ ಇಲ್ಲಿ ನೋಡಕೋತೀನಿ" ಎಂದ. ಅವನು ಹಾಗೆ ಹೇಳದಿದ್ದರೆ ಆ ವರ್ಷವೂ ತಪ್ಪುತ್ತಿತ್ತು.

ಹಳೆ ಮಹಾಬಳೇಶ್ವರದ ಪಂಚಗಂಗಾ ಗುಡಿಯಲ್ಲಿ ಕಲ್ಲಿನ ಗೋಮುಖದಿಂದ ನೀರು ಸಣ್ಣಗೆ ಬೀಳುತ್ತದೆ. ಕೃಷ್ಣಾ, ಕೊಯ್ನಾ, ವೆಣ್ಣಾ, ಸಾವಿತ್ರಿ, ಗಾಯತ್ರಿ ಐದೂ ಅಲ್ಲಿಯೇ ಹುಟ್ಟುತ್ತವೆಂದು ನಂಬಿಕೆ. ಅವ್ವ ಅಂಗೈಯೊಡ್ಡಿ, "ಇಷ್ಟ ಸಣ್ಣದೇನಪಾ ನಮ್ಮ ಹೊಳಿ?" ಎಂದು ನಕ್ಕಳು. ಹಿಂದಿನ ವರ್ಷ ನಮ್ಮನ್ನು ಓಡಿಸಿದ ಆ ಮಳೆಯೇ ಕೊಯ್ನೆಯನ್ನು ತುಂಬಿಸಿ, ಕರಾಡದಲ್ಲಿ ಕೃಷ್ಣೆಯನ್ನು ಕೂಡಿ, ಮ್ಹೈಸಾಳದಲ್ಲಿ ಮೇಲೇರಿ ನಮ್ಮ ತಾಲ್ಲೂಕಿನ ಹೊಲಗಳಿಗೆ ಬರುತ್ತದೆಂದು ಆಗ ಅವಳಿಗೆ ವಿವರಿಸಿದೆವು. "ಹಂಗಾದ್ರ ಆ ಮಳೀಗೆ ಬೈಯಬಾರದು" ಎಂದಳು.

ಅವ್ವ ಈಗ ನಮ್ಮೊಂದಿಗಿಲ್ಲ. ಕಾಲ ನೋಡಿ ಹೋಗಿರಿ. ಆದರೆ ಹಿರಿಯರ ಆಸೆಯನ್ನು ಮಾತ್ರ ಬಹಳ ವರ್ಷ ಮುಂದೂಡಬೇಡಿರಿ.