ಸಂಧಿವಾತದ ಚುಚ್ಚುಮದ್ದು ಮತ್ತು ಅಂಗೈಯ ಗುಳ್ಳೆ

ಮಾಗಡಿ ತಾಲ್ಲೂಕಿನ ಗುಡೇಮಾರನಹಳ್ಳಿಯ ಭಕ್ತರೊಬ್ಬರ ಮನೆಗೆ ನಾವು ಹೋಗಿದ್ದಾಗ, ಆ ಮನೆಯ ತಾಯಿಯವರು ಅಂಗೈಗಳನ್ನು ಸೆರಗಿನಲ್ಲಿ ಮರೆಮಾಡಿಕೊಂಡೇ ನಮಗೆ ವಂದಿಸಿದರು. ಸಂಧಿವಾತಕ್ಕೆಂದು ಹದಿನೈದು ದಿನಕ್ಕೊಮ್ಮೆ ಅಡಾಲಿಮುಮ್ಯಾಬ್ ಎಂಬ ಚುಚ್ಚುಮದ್ದನ್ನು ಪಡೆಯುತ್ತಿದ್ದರು. ಬೆರಳುಗಳೇನೋ ಮಡಚುವಂತಾದವು, ಆದರೆ ಕೆಲವು ತಿಂಗಳಲ್ಲಿ ಅಂಗೈ ಅಂಗಾಲುಗಳಲ್ಲಿ ಕೀವುಗುಳ್ಳೆಗಳೆದ್ದು ಚರ್ಮ ಸುಲಿಯತೊಡಗಿತು. ನೆರೆಯವರು ಮದ್ದಿನ ಉಷ್ಣವೆಂದರು. ಯಾರನ್ನೂ ಕೇಳದೆ ಮದ್ದನ್ನು ನಿಲ್ಲಿಸಿದರು. ಕೀಲುಗಳು ಮರಳಿ ಬಿಗಿದವು.

ಇದು ಉಷ್ಣವಲ್ಲ. ದೇಹದ ರಕ್ಷಣಾ ಶಕ್ತಿಯು ತನ್ನ ಕೀಲುಗಳನ್ನೇ ವೈರಿಯೆಂದು ಭ್ರಮಿಸುವುದರಿಂದ ಈ ಬಗೆಯ ಸಂಧಿವಾತ ಹುಟ್ಟುತ್ತದೆ. ಅಲ್ಲಿ ಉರಿಯೂತವನ್ನು ಹೆಚ್ಚಿಸುವ ಟಿ.ಎನ್.ಎಫ್. ಎಂಬ ವಸ್ತುವನ್ನು ಈ ಜೈವಿಕ ಔಷಧವು ಕಟ್ಟಿಹಾಕುತ್ತದೆ. ಆದರೆ ಅದೇ ವಸ್ತು ಇಂಟರ್‌ಫೆರಾನ್ ಎಂಬ ಇನ್ನೊಂದನ್ನು ಅಂಕೆಯಲ್ಲಿಟ್ಟಿರುತ್ತದೆ. ಆ ಅಂಕೆ ಸಡಿಲಿದಾಗ ಕೆಲವರಲ್ಲಿ ಸೋರಿಯಾಸಿಸ್ ತಲೆದೋರುತ್ತದೆ. ಸೋರಿಯಾಸಿಸ್ಸಿಗೂ ಇದೇ ಮದ್ದನ್ನು ಕೊಡುತ್ತಾರೆಂದು ತಿಳಿದಾಗ ನಾವೇ ಬೆರಗಾದೆವು! ಬೆಂಗಳೂರಿನ ಬಯೋಕಾನ್ ಸಂಸ್ಥೆಯು 2013ರಲ್ಲಿ ಸೋರಿಯಾಸಿಸ್ಸಿಗೆಂದು ಹೊರತಂದ ಇಟೋಲಿಜುಮ್ಯಾಬ್ ಬೇರೆ ದಾರಿಯಲ್ಲಿ ಕೆಲಸ ಮಾಡುವಂಥದು.

ಚುಚ್ಚಿದೆಡೆಯ ಕೆಂಪು, ನವೆ ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ ಅಡಗುತ್ತವೆ. ಸರ್ಪಸುತ್ತು ಹಾಗಲ್ಲ. ಈ ಮದ್ದು ಪಡೆಯುವವರಲ್ಲಿ ಅದು ಕಾಣಿಸಿಕೊಂಡರೆ ಕೆಮ್ಮಣ್ಣು ಹಚ್ಚಿ ಕುಳಿತಿರದೆ, ಮೂರು ದಿನಗಳೊಳಗೆ ವೈದ್ಯರನ್ನು ಕಾಣತಕ್ಕದ್ದು. ತಡವಾದಷ್ಟೂ ಮಾತ್ರೆಯ ಫಲ ಕುಗ್ಗುತ್ತದೆ.

ತಾಯಿಯವರನ್ನು ಚರ್ಮವೈದ್ಯರಲ್ಲಿಗೆ ಕಳುಹಿಸಿದೆವು. ಇಂಥ ಗುಳ್ಳೆಗಳೆದ್ದಾಗ ಮುಲಾಮು ಹಚ್ಚಿ ಅದೇ ಮದ್ದನ್ನು ಮುಂದುವರಿಸುವುದುಂಟು, ಬೇರೆ ಮದ್ದಿಗೆ ಬದಲಿಸುವುದೂ ಉಂಟು. ಇವರಿಗೆ ಬದಲಿಸಿದರು. ಮುಂದಿನ ಸಲ ನಾವು ಹೋದಾಗ ಬಿಸಿ ಮುದ್ದೆಯನ್ನು ತಾವೇ ಕಟ್ಟಿ ಬಡಿಸಿದರು.