ಟ್ರ್ಯಾಕ್ಟರಿನಿಂದ ದೋಣಿಯನ್ನು ನೀರಿಗಿಳಿಸುವುದು ಮತ್ತು ಮೇಲೆಳೆಯುವುದು

ಸವದತ್ತಿಯ ಸಮೀಪ ನವಿಲುತೀರ್ಥದಲ್ಲಿ ಮಲಪ್ರಭಾ ನದಿಗೆ ಅಣೆಕಟ್ಟು ಕಟ್ಟಿದುದರಿಂದ ರೇಣುಕಾಸಾಗರ ಜಲಾಶಯವು ಉಂಟಾಗಿದೆ. ಇದರ ಪೂರ್ಣ ಮಟ್ಟ 2079.5 ಅಡಿ, ಪೂರ್ಣ ಸಂಗ್ರಹ 37.73 ಟಿ.ಎಂ.ಸಿ. ಅಡಿ. ಕಾಲುವೆಗಳಿಗೆ ನೀರು ಒದಗಿಸುವುದಲ್ಲದೆ ಹುಬ್ಬಳ್ಳಿ-ಧಾರವಾಡಗಳಿಗೆ ಕುಡಿಯುವ ನೀರೂ ಇಲ್ಲಿಂದಲೇ ಹೋಗುತ್ತದೆ. ಕಾಟ್ಲಾ, ರೋಹು, ಮೃಗಾಲ್ ಮೀನುಗಳನ್ನು ಹಿಡಿಯುವವರಿಗೆ ಇದು ಜೀವನಾಧಾರ.

ಹಿಂದೆ ಈ ಭಾಗದ ಮೀನುಗಾರರು ಬಳಸುತ್ತಿದ್ದುದು ಹೆಚ್ಚಾಗಿ ಹರಿಗೋಲು. ಅದನ್ನು ಒಬ್ಬನೇ ತಲೆಯ ಮೇಲೆ ಹೊತ್ತು ನೀರಿನವರೆಗೆ ನಡೆಯಬಲ್ಲ. ಫೈಬರ್ ದೋಣಿಯ ಮಾತು ಬೇರೆ. ದೋಣಿ, ಅದರ ಯಂತ್ರ, ಬಲೆ ಎಲ್ಲ ಸೇರಿದರೆ 350 ಕಿಲೋ ದಾಟಬಹುದು. ಆರೆಂಟು ಆಳು ಒಟ್ಟಾಗದೆ ಅದು ಕದಲುವುದಿಲ್ಲ. ಇಂತಹ ಹೊತ್ತಿನಲ್ಲಿ ಪಕ್ಕದ ಹೊಲದಲ್ಲಿ ನಿಂತ ಟ್ರ್ಯಾಕ್ಟರನ್ನು ಕರೆಯುವುದು ಸಹಜ. ಮಹಾಪೂರ ಬಂದಾಗಲಂತೂ ಪರಿಹಾರದ ದೋಣಿಗಳನ್ನು ಕೆಸರಿನ ದಾರಿಯಲ್ಲಿ ನೀರಿನ ಅಂಚಿಗೆ ಮುಟ್ಟಿಸಲು ಟ್ರ್ಯಾಕ್ಟರಿನಷ್ಟು ಒದಗುವ ವಾಹನ ಹಳ್ಳಿಯಲ್ಲಿ ಇನ್ನೊಂದಿಲ್ಲ. ಆದರೆ ಉಳುಮೆಗೆಂದು ನಿರ್ಮಿಸಿದ ಯಂತ್ರವನ್ನು ನೀರಿನ ಅಂಚಿಗೆ ಒಯ್ಯುವಾಗ ಹೊಲದಲ್ಲಿ ಇಲ್ಲದ ಕೆಲವು ಅಪಾಯಗಳಿವೆ. ಅವುಗಳಲ್ಲಿ ಒಂದು ಪ್ರಾಣಕ್ಕೇ ಎರವಾಗುವಂತಹದು.

ಸಿಕ್ಕಿಬೀಳುವುದು ದೋಣಿಯ ಭಾರದಿಂದಲ್ಲ

ದೋಣಿ ಹಗುರ, ಟ್ರ್ಯಾಕ್ಟರಿಗೆ ಅದೇನು ಲೆಕ್ಕ ಎಂದು ಹಲವರು ಭಾವಿಸುತ್ತಾರೆ. ಲೆಕ್ಕ ಹಾಕಿ ನೋಡಿದರೆ ಸಂಗತಿ ಬೇರೆಯಾಗಿ ಕಾಣುತ್ತದೆ. 40 ಅಶ್ವಶಕ್ತಿಯ ಸಾಧಾರಣ ಟ್ರ್ಯಾಕ್ಟರಿನ ತೂಕ ಸುಮಾರು 1900 ಕಿಲೋ ಎಂದಿಟ್ಟುಕೊಳ್ಳೋಣ. ಅದರಲ್ಲಿ ಹಿಂದಿನ ಗಾಲಿಗಳ ಮೇಲೆ ಬೀಳುವುದು ಸುಮಾರು 1200 ಕಿಲೋ. ದೋಣಿ ಮತ್ತು ಅದನ್ನು ಹೊತ್ತ ಎರಡು ಗಾಲಿಯ ಗಾಡಿ ಸೇರಿ 600 ಕಿಲೋ. ದಂಡೆಯ ಇಳಿಜಾರು 8 ಅಡಿಗೆ 1 ಅಡಿ.

ಈ ಏರನ್ನು ಹತ್ತಲು ದೋಣಿಯ ಗಾಡಿಗೆ 75 ಕಿಲೋ ಎಳೆತ ಬೇಕು. ಟ್ರ್ಯಾಕ್ಟರು ತನ್ನನ್ನು ತಾನು ಹತ್ತಿಸಿಕೊಳ್ಳಲು 237 ಕಿಲೋ ಬೇಕು. ಇದರ ಮೇಲೆ ಗಾಲಿ ಉರುಳುವುದಕ್ಕೆ ನೆಲ ಒಡ್ಡುವ ತಡೆ ಇದೆ. ಗಟ್ಟಿ ಮೊರಮ್ಮಿನ ಮೇಲೆ ಆ ತಡೆ ತೂಕದ ನೂರಕ್ಕೆ 5ರಷ್ಟು. ಅಂದರೆ ಎರಡಕ್ಕೂ ಸೇರಿ 125 ಕಿಲೋ. ಹೀಗೆ ಬೇಕಾದ ಒಟ್ಟು ಎಳೆತ ಸುಮಾರು 440 ಕಿಲೋ. ಒಣ ಗಟ್ಟಿ ನೆಲದ ಮೇಲೆ ಹಿಂದಿನ ಗಾಲಿಗಳಿಗೆ ತಮ್ಮ ಮೇಲಿನ ಭಾರದ ನೂರಕ್ಕೆ 60ರಷ್ಟು ಹಿಡಿತ ಸಿಗುತ್ತದೆ, ಅಂದರೆ 720 ಕಿಲೋ. ಕೆಲಸ ಸಲೀಸಾಗಿ ಸಾಗುತ್ತದೆ.

ಅದೇ ಇಳಿಜಾರು ಹಸಿ ಎರೆಮಣ್ಣಿನದಾಗಿದ್ದರೆ? ಗಾಲಿ ಹೂಳುವುದರಿಂದ ಟ್ರ್ಯಾಕ್ಟರಿಗೆ ತಡೆ ನೂರಕ್ಕೆ 15ಕ್ಕೂ, ಸಣ್ಣ ಗಾಲಿಯ ಗಾಡಿಗೆ ನೂರಕ್ಕೆ 25ಕ್ಕೂ ಏರುತ್ತದೆ. ಆಗ ಬೇಕಾದ ಎಳೆತ ಸುಮಾರು 750 ಕಿಲೋ. ಸಿಗುವ ಹಿಡಿತವಾದರೋ ನೂರಕ್ಕೆ 30ರಿಂದ 35, ಎಂದರೆ ಹೆಚ್ಚೆಂದರೆ 420 ಕಿಲೋ. ದೋಣಿಯನ್ನು ಬಿಚ್ಚಿಹಾಕಿದರೂ ಟ್ರ್ಯಾಕ್ಟರು ತಾನೊಂದೇ ಮೇಲೆ ಬರಲು 520 ಕಿಲೋ ಬೇಕು! ಈ ಅಂಕಿಗಳು ಅಂದಾಜಿನವು. ಗಾಲಿ ಮತ್ತು ಮಣ್ಣಿನ ಸ್ಥಿತಿಯ ಮೇಲೆ ಹೆಚ್ಚುಕಡಿಮೆ ಆಗುತ್ತವೆ. ಆದರೆ ಇವು ತೋರಿಸುವ ಸತ್ಯ ಒಂದೇ: ಕೆಸರಿನ ಇಳಿಜಾರಿನಲ್ಲಿ ಟ್ರ್ಯಾಕ್ಟರನ್ನು ಸಿಕ್ಕಿಸುವುದು ಅದರ ಸ್ವಂತ ಭಾರವೇ. ಆದುದರಿಂದ ದೋಣಿ ನೀರಿಗೆ ಹೋಗಲಿ, ಟ್ರ್ಯಾಕ್ಟರು ಗಟ್ಟಿ ನೆಲದಲ್ಲೇ ಉಳಿಯಲಿ. ಮುಂದೆ ಹೇಳುವ ವಿಧಾನಗಳೆಲ್ಲ ಇದನ್ನು ಸಾಧಿಸುವ ಉಪಾಯಗಳೇ.

ದಂಡೆಯ ಮಣ್ಣು

ಸವದತ್ತಿ, ರಾಮದುರ್ಗ ಮತ್ತು ಬೈಲಹೊಂಗಲ ತಾಲ್ಲೂಕುಗಳ ಎರೆಭೂಮಿಯ ಗುಣ ರೈತರಿಗೆ ಹೊಸದಲ್ಲ. ಒದ್ದೆಯಾದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಜಲಾಶಯದ ಅಂಚಿನಲ್ಲಿ ಇದೇ ಗುಣ ಮೋಸ ಮಾಡುತ್ತದೆ. ಮಳೆಗಾಲದಲ್ಲಿ ತುಂಬಿದ ನೀರು ಹಿಂಗಾರಿಯ ನಂತರ ಇಳಿಯುತ್ತ ಹೋಗಿ ಬೇಸಿಗೆಯ ಹೊತ್ತಿಗೆ ಬಹಳ ದೂರ ಸರಿದಿರುತ್ತದೆ. ಹಾಗೆ ಬಯಲಾದ ನೆಲದ ಮೇಲ್ಪದರ ಬಿಸಿಲಿಗೆ ಒಣಗಿ ಬಿರುಕು ಬಿಟ್ಟು ಗಟ್ಟಿಯಾಗಿ ಕಾಣುತ್ತದೆ. ಮನುಷ್ಯ ನಡೆದರೆ ಏನೂ ಆಗುವುದಿಲ್ಲ. ಆದರೆ ಒಂದು ಗೇಣಿನ ಕೆಳಗೆ ಇನ್ನೂ ಬೆಣ್ಣೆಯಂತಹ ಹೂಳು ಇರುತ್ತದೆ. ಟ್ರ್ಯಾಕ್ಟರಿನ ಗಾಲಿ ಹೆಪ್ಪನ್ನು ಒಡೆದ ಕೂಡಲೇ ಅಚ್ಚಿನವರೆಗೆ ಇಳಿಯುತ್ತದೆ.

ಆದಕಾರಣ ಟ್ರ್ಯಾಕ್ಟರು ಹೋಗುವ ದಾರಿಯನ್ನು ಮೊದಲು ಹಾರೆಯಿಂದ ಪರೀಕ್ಷಿಸತಕ್ಕದ್ದು. ಐದಾರು ಹೆಜ್ಜೆಗೊಮ್ಮೆ ಹಾರೆಯನ್ನು ನೆಟ್ಟಗೆ ಎತ್ತಿ ಬಿಡಬೇಕು. ಹಾರೆ ಒಂದು ಗೇಣಿಗಿಂತ ಆಳಕ್ಕೆ ಸುಲಭವಾಗಿ ಇಳಿದರೆ, ಅಥವಾ ಅದರ ತುದಿಗೆ ಹಸಿ ಮಣ್ಣು ಅಂಟಿ ಬಂದರೆ, ಅದರಾಚೆ ಟ್ರ್ಯಾಕ್ಟರನ್ನು ಒಯ್ಯಕೂಡದು. ಅಲ್ಲಿ ಒಂದು ಗೂಟ ನೆಟ್ಟು ಗುರುತು ಮಾಡುವುದು ಲೇಸು.

ಕಿತ್ತೂರಿನ ಪಶ್ಚಿಮಕ್ಕೆ ಹೋದಂತೆ ಕೆಂಪು ಮತ್ತು ಜಂಬಿಟ್ಟಿಗೆ ಮಣ್ಣು ಸಿಗುತ್ತದೆ. ಅಲ್ಲಿನ ಕೆರೆಗಳ ಒಳಮೈ ಎಷ್ಟೋ ಗಟ್ಟಿ. ಆದರೆ ಕೆರೆಯ ಏರಿಯ ಮೇಲಿನಿಂದ, ಕಲ್ಲು ಹೊದಿಸಿದ ಇಳಿಜಾರಿನಲ್ಲಿ ದೋಣಿ ಇಳಿಸುವ ಸಾಹಸ ಸಲ್ಲದು. ಟ್ರ್ಯಾಕ್ಟರು ಮಗುಚುವ ಭಯ ಒಂದಾದರೆ, ಹೊದಿಕೆಯ ಕಲ್ಲು ಕದಲಿ ಏರಿಗೆ ಹಾನಿಯಾಗುವುದು ಇನ್ನೊಂದು.

ಒಂದೇ ಜಾಗದಲ್ಲಿ ಮೊರಮ್ಮಿನ ಖಾಯಂ ದಾರಿ ಮಾಡಬಹುದಲ್ಲವೇ ಎಂದು ಕೇಳಬಹುದು. ನೀರಿನ ಮಟ್ಟ ಅಷ್ಟಾಗಿ ಬದಲಾಗದ ಕೆರೆಗೆ ಅದು ಸರಿ. ರೇಣುಕಾಸಾಗರದಲ್ಲಿ ಅಂಚು ತಿಂಗಳಿಂದ ತಿಂಗಳಿಗೆ ಸರಿಯುವುದರಿಂದ ಸೆಪ್ಟೆಂಬರಿನ ದಾರಿ ಮಾರ್ಚಿಗೆ ಒಣ ನೆಲದ ನಡುವೆ ಉಳಿದುಬಿಡುತ್ತದೆ. ಇದಕ್ಕಿಂತ ಹತ್ತಿಕಟ್ಟಿಗೆಯ ಹೊರೆಗಳನ್ನು ಬಿಗಿಯಾಗಿ ಕಟ್ಟಿ, ದಾರಿಗೆ ಅಡ್ಡಲಾಗಿ ಒತ್ತೊತ್ತಾಗಿ ಹಾಸಿ, ಮೇಲೆ ಹಲಗೆ ಇಡುವುದು ಅಗ್ಗ. ಬೇಕಾದಲ್ಲಿಗೆ ಎತ್ತಿ ಒಯ್ಯಲೂಬಹುದು. ಇದು ದೋಣಿಯ ಗಾಡಿಯನ್ನು ತಡೆಯಬಲ್ಲದು, ಟ್ರ್ಯಾಕ್ಟರನ್ನಲ್ಲ.

ಗಾಡಿ, ಮೂಕಿ ಮತ್ತು ಹಗ್ಗ

ಕಬ್ಬು ಸಾಗಿಸುವ ಟ್ರೇಲರು ಈ ಕೆಲಸಕ್ಕೆ ಒದಗದು. ಅದರ ಹಲಗೆ ನೆಲದಿಂದ ಬಹಳ ಎತ್ತರ. ದೋಣಿ ತೇಲುವಷ್ಟು ನೀರು ಬರಬೇಕಾದರೆ ಟ್ರ್ಯಾಕ್ಟರೇ ಮುಳುಗೀತು. ನಾಲ್ಕು ಗಾಲಿಯದಾದರೆ ಹಿಮ್ಮುಖವಾಗಿ ನಡೆಸುವುದೂ ಕಷ್ಟ. ಹಳೆಯ ಜೀಪಿನ ಅಚ್ಚಿಗೆ ತಗ್ಗಾದ ಕಬ್ಬಿಣದ ಚೌಕಟ್ಟು ಕೂಡಿಸಿದ ಎರಡು ಗಾಲಿಯ ಗಾಡಿ ಉತ್ತಮ. ಚೌಕಟ್ಟಿಗೆ ಗೋಣಿ ಅಥವಾ ಹಳೆಯ ರಬ್ಬರು ಸುತ್ತಿದರೆ ದೋಣಿಯ ತಳ ಕೆರೆಯುವುದಿಲ್ಲ.

ಇಂತಹ ಗಾಡಿಯಿಂದ ದೋಣಿ ತೇಲಲು ಅಚ್ಚಿನ ಬಳಿ ಸುಮಾರು 2 ಅಡಿ ನೀರು ಬೇಕು. ಇಳಿಜಾರು 8ಕ್ಕೆ 1 ಇದ್ದಾಗ ಅಚ್ಚು ನೀರಿನ ಅಂಚಿನಿಂದ 16 ಅಡಿ ಒಳಗಿರಬೇಕು. ಗಾಡಿಯ ಅಚ್ಚಿಗೂ ಟ್ರ್ಯಾಕ್ಟರಿನ ಹಿಂದಿನ ಗಾಲಿಗೂ ಸಾಮಾನ್ಯವಾಗಿ 9-10 ಅಡಿ ಅಂತರ. ಎಂದರೆ ಹಿಂದಿನ ಗಾಲಿ 6-7 ಅಡಿ ನೀರಿನೊಳಗೆ ಹೋಗಬೇಕಾಗುತ್ತದೆ. ಗಾಡಿಗೂ ಟ್ರ್ಯಾಕ್ಟರಿಗೂ ನಡುವೆ 12 ಅಡಿಯ ಗಟ್ಟಿ ಕೊಳವೆಯನ್ನು ಚಕ್ಕಡಿಯ ಮೂಕಿಯಂತೆ ಜೋಡಿಸಿದರೆ ಅದೇ ಗಾಲಿ ನೀರಿನಿಂದ 5 ಅಡಿ ಈಚೆ ಉಳಿಯುತ್ತದೆ. ಮೂಕಿ ಉದ್ದವಾದಷ್ಟೂ ಹಿಮ್ಮುಖದಲ್ಲಿ ಗಾಡಿ ನಿಧಾನವಾಗಿ ತಿರುಗುವುದರಿಂದ ಚಾಲಕನಿಗೂ ಅನುಕೂಲ.

ಇಳಿಜಾರು 20ಕ್ಕೆ 1 ಇದ್ದರೆ ಅಚ್ಚು 40 ಅಡಿ ಒಳಗೆ ಹೋಗಬೇಕಾಗುತ್ತದೆ. ಅಲ್ಲಿ ಮೂಕಿ ಸಾಲದು, ಹಗ್ಗವೇ ಗತಿ. ಟ್ರ್ಯಾಕ್ಟರನ್ನು ಗಟ್ಟಿ ನೆಲದಲ್ಲಿ ಇರಿಸಿ, ಗಾಡಿಯನ್ನು ಆಳುಗಳು ಹಾಸಿನ ಮೇಲೆ ನೀರಿಗೆ ತಳ್ಳುವುದು. ಮೇಲೆ ತರುವಾಗ ಹಗ್ಗದಿಂದ ಟ್ರ್ಯಾಕ್ಟರು ಎಳೆಯುವುದು. ಮೇಲಿನ ಲೆಕ್ಕದಂತೆ ಆಗ ಎಳೆಯಬೇಕಾದುದು ಕೆಸರಿನಲ್ಲೂ ಗಾಡಿಯ ಇನ್ನೂರು ಕಿಲೋದಷ್ಟು ಮಾತ್ರ. ಟ್ರ್ಯಾಕ್ಟರಿನ ಹಿಡಿತ ಇದಕ್ಕೆ ಧಾರಾಳ. ದಂಡೆಯಲ್ಲಿ ಗಟ್ಟಿಯಾದ ಮರ ಅಥವಾ ಆಳವಾಗಿ ಹೂಳಿದ ಕಂಬವಿದ್ದರೆ ಅದಕ್ಕೆ ರಾಟೆ ಕಟ್ಟಿ ಹಗ್ಗವನ್ನು ತಿರುಗಿಸಬಹುದು. ಆಗ ಟ್ರ್ಯಾಕ್ಟರು ಏರು ಹತ್ತದೆ ದಂಡೆಗುಂಟ ಸಮತಟ್ಟಾಗಿ ಓಡಿದರೆ ಸಾಕು. ಹಗ್ಗ ಕಡಿದರೆ ಚಾಟಿಯಂತೆ ಬೀಸುತ್ತದೆ. ನೈಲಾನ್ ಹಗ್ಗ ಹಿಗ್ಗುವುದರಿಂದ ಅದರ ಪೆಟ್ಟು ಇನ್ನೂ ಭಾರಿ. ಹಗ್ಗದ ನೇರಕ್ಕಾಗಲಿ, ರಾಟೆಯ ಒಳಮೂಲೆಯಲ್ಲಾಗಲಿ ಯಾರೂ ನಿಲ್ಲಬಾರದು.

ಹಿಮ್ಮುಖವಾಗಿ ಮಗುಚುವ ಅಪಾಯ

ಹಗ್ಗವನ್ನಾಗಲಿ ಮೂಕಿಯನ್ನಾಗಲಿ ಟ್ರ್ಯಾಕ್ಟರಿನ ತಗ್ಗಿನ ಎಳೆಪಟ್ಟಿಗೇ ಕಟ್ಟಬೇಕು. ಅಚ್ಚಿನ ಕವಚಕ್ಕೆ, ಆಸನದ ಕೆಳಗೆ ಅಥವಾ ಮೇಲಿನ ಕೊಂಡಿಗೆ ಕಟ್ಟಿದರೆ ಮುಂಭಾಗ ಏಳುತ್ತದೆ. ಏರಿನಲ್ಲಿ ಮುಂದಿನ ಗಾಲಿಗಳ ಮೇಲಿನ ಭಾರ ಮೊದಲೇ ಕಡಿಮೆ. ಹಿಂದಿನ ಗಾಲಿ ಕೆಸರಿನಲ್ಲಿ ಕಚ್ಚಿಕೊಂಡು ತಿರುಗದೆ ನಿಂತಾಗ ಚಾಲಕನು ವೇಗ ಹೆಚ್ಚಿಸಿ ಕ್ಲಚ್ಚನ್ನು ಫಕ್ಕನೆ ಬಿಟ್ಟರೆ, ಗಾಲಿ ತಿರುಗುವ ಬದಲು ಟ್ರ್ಯಾಕ್ಟರಿನ ಮೈಯೇ ಅಚ್ಚಿನ ಸುತ್ತ ಹಿಂದಕ್ಕೆ ತಿರುಗುತ್ತದೆ. ಮುಂದಿನ ಗಾಲಿ ಎದ್ದು ಒಂದು ಸೆಕೆಂಡು ಕಳೆಯುವುದರೊಳಗೆ ಮರಳಿ ಇಳಿಸುವ ಅವಕಾಶ ತಪ್ಪಿಹೋಗುತ್ತದೆ. ಚಾಲಕನಿಗೆ ಯೋಚಿಸಲೂ ಹೊತ್ತು ಸಿಗುವುದಿಲ್ಲ. ಹೂತ ಗಾಲಿಗಳಿಗೆ ಮರದ ದಿಮ್ಮಿ ಕಟ್ಟಿ ಹೊರಬರುವ ರೂಢಿ ಕೆಲವೆಡೆ ಇದೆ. ಹೀಗೆ ಮಗುಚಲು ಇದಕ್ಕಿಂತ ನೇರ ದಾರಿ ಇಲ್ಲ. ಇದನ್ನು ಕೈಬಿಡಲೇಬೇಕು. ಗಾಲಿ ಎರಡು ಸುತ್ತು ಜಾರಿದೊಡನೆ ನಿಲ್ಲಿಸಿ, ದೋಣಿಯ ಗಾಡಿಯನ್ನು ಕಳಚಿ, ಸಾಧ್ಯವಾದರೆ ಹಿಮ್ಮುಖವಾಗಿ ಹೊರಬರಬೇಕು. ಆಗದಿದ್ದರೆ ಗಟ್ಟಿ ನೆಲದ ಮೇಲೆ ನಿಂತ ಇನ್ನೊಂದು ಟ್ರ್ಯಾಕ್ಟರಿನಿಂದ ಎಳೆಸಬೇಕು.

ಗಾಡಿಯನ್ನು ತಕ್ಷಣ ಕಳಚಲು ಬರುವಂತಿರಬೇಕೆಂಬುದಕ್ಕೆ ಪರದೇಶದ ಒಂದು ದುಃಖದ ಉದಾಹರಣೆ ಇದೆ. ನೆದರ್ಲೆಂಡ್ಸಿನ ಆಮೆಲಾಂಡ್ ದ್ವೀಪದಲ್ಲಿ ಸಮುದ್ರದ ರಕ್ಷಣಾ ದೋಣಿಯನ್ನು ಕುದುರೆಗಳು ಎಳೆದು ನೀರಿಗಿಳಿಸುತ್ತಿದ್ದವು. 1979ರ ಆಗಸ್ಟ್ 14ರಂದು ಹೀಗೆ ಇಳಿಸುವಾಗ ಗಾಡಿಗೆ ಕಟ್ಟಿದ ಎಂಟು ಕುದುರೆಗಳು ಮುಳುಗಿ ಸತ್ತವು. ಇಂಗ್ಲೆಂಡಿನಲ್ಲಿ ಇಂತಹ ದೋಣಿಗಳಿಗೆ ಟ್ರ್ಯಾಕ್ಟರಿನ ಪರೀಕ್ಷೆ ನಡೆದುದು 1920ರಲ್ಲೇ, ಹನ್‌ಸ್ಟಂಟನ್ ಎಂಬಲ್ಲಿ; ಅದಕ್ಕೆ ಮೊದಲು ಅಲ್ಲಿಯೂ ಕುದುರೆಗಳೇ ಎಳೆಯುತ್ತಿದ್ದವು. ನಮ್ಮಲ್ಲಿ ಎತ್ತು ಕಟ್ಟಿ ದೋಣಿ ಎಳೆಸುವವರೂ ಇದನ್ನು ನೆನಪಿನಲ್ಲಿಡಬೇಕು. ಕೊಂಡಿಗೆ ನಟ್ಟು-ಬೋಲ್ಟು ಬಿಗಿಯದೆ, ಸುಲಭವಾಗಿ ಎಳೆದು ತೆಗೆಯಲು ಬರುವ ಗೂಟವನ್ನೇ ಹಾಕಿ, ಅದು ತಾನಾಗಿ ಜಾರದಂತೆ ಸಣ್ಣ ಕೀಲು ಇಡಬೇಕು.

ಇಳಿಸುವ ಮೊದಲು ಎರಡೂ ಬ್ರೇಕು ಪೆಡಲುಗಳನ್ನು ಕೂಡಿಸುವ ಕೊಂಡಿಯನ್ನು ಹಾಕಲು ಮರೆಯಕೂಡದು. ಹೊಲದಲ್ಲಿ ತಿರುಗಲು ಬಿಡಿಬಿಡಿಯಾಗಿ ಒತ್ತುವ ಅಭ್ಯಾಸವಿದ್ದವನು ಇಳಿಜಾರಿನಲ್ಲಿ ಒಂದನ್ನೇ ಒತ್ತಿದರೆ ಟ್ರ್ಯಾಕ್ಟರು ಗಿರಕ್ಕನೆ ಅಡ್ಡ ತಿರುಗುತ್ತದೆ. ಅತಿ ಕೆಳಗಿನ ಗೇರಿನಲ್ಲಿ, ಕ್ಲಚ್ಚು ತುಳಿಯದೆ ಇಳಿಯಬೇಕು. ನಿಂತ ಮೇಲೆ ಗಾಲಿಗೆ ಕಲ್ಲಿನ ಅಡ್ಡೆ ಕೊಡಬೇಕು. ಮಡ್‌ಗಾರ್ಡಿನ ಮೇಲೆ ಯಾರನ್ನೂ ಕೂಡಿಸಬಾರದು.

ಪೂರದ ಸಮಯದಲ್ಲಿ

2009ರ ಸೆಪ್ಟೆಂಬರ್-ಅಕ್ಟೋಬರಿನ ಪೂರವನ್ನೂ, 2019ರ ಆಗಸ್ಟ್‌ನಲ್ಲಿ ಮಲಪ್ರಭೆ ರಾಮದುರ್ಗ ಪಟ್ಟಣಕ್ಕೂ ನದಿದಂಡೆಯ ಹಳ್ಳಿಗಳಿಗೂ ನುಗ್ಗಿದುದನ್ನೂ ಆ ಭಾಗದವರು ಮರೆತಿಲ್ಲ. ಇಂತಹ ಹೊತ್ತಿನಲ್ಲಿ ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಜನರನ್ನು ಕೂಡಿಸಿ ಹರಿಯುವ ನೀರನ್ನು ದಾಟಿಸಲು ಹೋಗುವುದುಂಟು. ಎರಡು ಅಡಿ ಆಳದ ರಭಸದ ನೀರು ಬಹುಪಾಲು ವಾಹನಗಳನ್ನು ಕೊಚ್ಚಬಲ್ಲದು. ಗಾಳಿ ತುಂಬಿದ ಟೈರುಗಳು ತೇಲುವ ಗುಣದಿಂದ ಹಿಡಿತವನ್ನು ಇನ್ನಷ್ಟು ಕಳೆಯುತ್ತವೆ. ಟ್ರ್ಯಾಕ್ಟರಿನ ಕೆಲಸ ದೋಣಿಯನ್ನು ಅಂಚಿಗೆ ತರುವುದು, ಮರಳಿ ಎಳೆಯುವುದು. ಜನರನ್ನು ದಾಟಿಸುವುದು ದೋಣಿಯ ಕೆಲಸ.

ಪೂರದ ಅಂಚು ಜಲಾಶಯದ ಅಂಚಿನಂತಲ್ಲ. ನವಿಲುತೀರ್ಥದಿಂದ ನೀರು ಬಿಟ್ಟ ಮೇಲೆ ಅದು ಕೆಳಗಿನ ಹಳ್ಳಿಗಳನ್ನು ಮುಟ್ಟಲು ಕೆಲವು ಗಂಟೆ ಹಿಡಿಯುವುದರಿಂದ, ಕೆಲಸ ಸಾಗಿದ್ದಾಗಲೇ ನೀರು ಏರುತ್ತಿರಬಹುದು. ಅಂಚಿನಲ್ಲಿ ಒಂದು ಕೋಲು ನೆಟ್ಟು ಒಬ್ಬನನ್ನು ಅದರ ಮೇಲೆ ಕಣ್ಣಿಡಲು ನಿಲ್ಲಿಸಬೇಕು. ಹೊಲದ ಬಾವಿ, ಬದು, ಹಳ್ಳದ ಕೊರಕಲು ನೀರಿನಡಿ ಕಾಣುವುದಿಲ್ಲ. ಆ ಹೊಲದ ಒಡೆಯನನ್ನು ಕೇಳದೆ ದೋಣಿ ಇಳಿಸುವ ಜಾಗ ಆರಿಸಬಾರದು. ತಂತಿ ಜೋತುಬಿದ್ದ ಕಂಬಗಳಿದ್ದಲ್ಲಿ ವಿದ್ಯುತ್ ನಿಲ್ಲಿಸಿದ್ದಾರೆಂದು ಖಾತ್ರಿಯಾಗುವವರೆಗೆ ಕಾಯಬೇಕು.

ಕೆಲಸದ ನಂತರ

ರಸ್ತೆಯಲ್ಲಿ ಓಡಿ ಬಂದ ಗಾಲಿಯ ಗುಂಬ ಬಿಸಿಯಾಗಿರುತ್ತದೆ. ಅದನ್ನು ಒಮ್ಮೆಲೇ ತಣ್ಣೀರಿಗಿಳಿಸಿದರೆ ಒಳಗಿನ ಗಾಳಿ ಕುಗ್ಗಿ, ಸೀಲಿನ ಸಂದಿಯಿಂದ ನೀರನ್ನು ಹೀರಿಕೊಳ್ಳುತ್ತದೆ. ಬೇರಿಂಗು ತುಕ್ಕು ಹಿಡಿಯುವುದು ಹೀಗೆಯೇ. ದಂಡೆಯಲ್ಲಿ ಕಾಲು ಗಂಟೆ ನಿಲ್ಲಿಸಿ ಆರಿಸಿದ ಮೇಲೆ ಗಾಡಿಯನ್ನು ಇಳಿಸಬೇಕು. ಮನೆಗೆ ಬಂದ ದಿನವೇ ಹಳೆಯ ಗ್ರೀಸು ಹೊರಬರುವವರೆಗೆ ಹೊಸದನ್ನು ತುಂಬಬೇಕು. ಟ್ರ್ಯಾಕ್ಟರಿನ ಗಾಲಿ ನೀರಿಗಿಳಿದಿದ್ದರೆ ಹಿಂದಿನ ಅಚ್ಚಿನ ಎಣ್ಣೆಯನ್ನು ನೋಡಬೇಕು. ಅದು ಹಾಲು ಬೆರೆಸಿದ ಚಹದಂತಾಗಿದ್ದರೆ ನೀರು ಹೊಕ್ಕಿದೆಯೆಂದು ತಿಳಿದು ಕೂಡಲೇ ಬದಲಾಯಿಸಬೇಕು. ಒಣ ತಟ್ಟೆಯ ಬ್ರೇಕುಳ್ಳ ಹಳೆಯ ಟ್ರ್ಯಾಕ್ಟರುಗಳಲ್ಲಿ ಒದ್ದೆ ಬ್ರೇಕು ಹಿಡಿಯುವುದಿಲ್ಲ. ರಸ್ತೆಗೆ ಬರುವ ಮುನ್ನ ನಿಧಾನವಾಗಿ ನಡೆಸುತ್ತ ಹಲವು ಬಾರಿ ಒತ್ತಿ ಒಣಗಿಸಬೇಕು.

ಔಷಧಿ ಸಿಂಪಡಿಸುವ ಪೀಪಾಯಿ ಹೊತ್ತ ಟ್ರ್ಯಾಕ್ಟರನ್ನು ಅದೇ ಸ್ಥಿತಿಯಲ್ಲಿ ಜಲಾಶಯದ ಅಂಚಿಗೆ ತರುವುದಾಗಲಿ, ಅಲ್ಲಿ ತೊಳೆಯುವುದಾಗಲಿ ಕೂಡದು. ಹತ್ತಿಗೆ ಬಳಸುವ ಪೈರೆಥ್ರಾಯ್ಡ್ ಕೀಟನಾಶಕಗಳು ಅತ್ಯಲ್ಪ ಪ್ರಮಾಣದಲ್ಲೂ ಮೀನುಗಳನ್ನು ಕೊಲ್ಲುತ್ತವೆ, ಮತ್ತು ಆ ನೀರನ್ನು ಕುಡಿಯುವವರು ಎರಡು ಊರುಗಳಲ್ಲಿದ್ದಾರೆ. ಡೀಸೆಲ್ ಮತ್ತು ಗ್ರೀಸು ಮೆತ್ತಿದ ಭಾಗಗಳನ್ನು ಮನೆಯ ಹಿತ್ತಲಲ್ಲಿ, ಬಾವಿಯಿಂದ ದೂರ, ತೊಳೆಯತಕ್ಕದ್ದು.