ನಾಟಕದಲ್ಲಿ ರಜಾಕಾರನ ಪಾತ್ರ ಯಾವ ಹುಡುಗನಿಗೆ?

ಸೆಪ್ಟೆಂಬರ್ 17 ಬಂತೆಂದರೆ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ, ಈ ಐದೂ ಊರುಗಳ ಶಾಲೆಗಳಲ್ಲಿ ಧ್ವಜ ಏರುತ್ತದೆ. ಮಕ್ಕಳು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೋಗಿ, ಭಾಷಣ ಕೇಳಿ, ಮಿಠಾಯಿ ತಿಂದು ಬರುತ್ತಾರೆ. "ಏನ್ ಹೇಳಿದ್ರೋ ಇವತ್ತು?" ಅಂತ ಕೇಳಿ ನೋಡಿರಿ. "ನಿಜಾಮ ಸೋತ, ನಾವು ಗೆದ್ದಿವಿ" ಎನ್ನುತ್ತಾರೆ. ಮುಗೀತು!

1948ರ ಸೆಪ್ಟೆಂಬರ್ 13ರಂದು ಭಾರತದ ಸೈನ್ಯ ಹೈದರಾಬಾದ್ ಸಂಸ್ಥಾನದೊಳಗೆ ಬಂದು, 17ರಂದು ನಿಜಾಮರ ಸೈನ್ಯ ಶರಣಾಯಿತು ಎಂಬುದು ಪುಸ್ತಕದಲ್ಲಿದೆ. ಅದಕ್ಕೂ ಮೊದಲು ಸಭೆ ಸೇರಬೇಕಾದರೆ ಸರ್ಕಾರದ ಅಪ್ಪಣೆ ಬೇಕಿತ್ತು, ಕಚೇರಿಯ ಕಾಗದವೆಲ್ಲ ಉರ್ದುವಿನಲ್ಲಿರುತ್ತಿತ್ತು, ಕನ್ನಡ ಮಾತ್ರ ಬಲ್ಲ ರೈತ ತನ್ನ ಹೊಲದ ಕಾಗದವನ್ನೇ ಇನ್ನೊಬ್ಬರ ಕೈಯಲ್ಲಿ ಓದಿಸಬೇಕಾಗುತ್ತಿತ್ತು. ಇಂಥದ್ದು ಮಕ್ಕಳ ಮನಸ್ಸಿಗೆ ಇಳಿಯಬೇಕಾದರೆ ಆಡಿ ತೋರಿಸಬೇಕು. ಅಕ್ಷರ ಬಾರದ ನಮ್ಮ ಹಿರಿಯರಿಗೆ ಭಾರತದ ಕಥೆಯೆಲ್ಲ ಬಾಯಿಪಾಠ ಆಗಿದ್ದು ಪುಸ್ತಕದಿಂದಲ್ಲ ನೋಡ್ರಿ, ರಾತ್ರಿಯಿಡೀ ಕೂತು ನೋಡಿದ ದೊಡ್ಡಾಟದಿಂದ.

ಆದರೆ ಆಡಿಸುವುದರಲ್ಲಿಯೂ ಒಂದು ತೊಡಕಿದೆ. ನಮ್ಮ ಕಡೆಯ ಒಂದು ಶಾಲೆಯಲ್ಲಿ (ಹೆಸರು ಬೇಡ) ವಿಮೋಚನೆಯ ನಾಟಕ ಆಡಿಸಿದರು. ರಜಾಕಾರನ ಪಾತ್ರ ಒಬ್ಬ ಮುಸಲ್ಮಾನ ಹುಡುಗನಿಗೆ. "ಇವನಿಗೆ ಉರ್ದು ಛಲೋ ಬರ್ತದ" ಎಂಬುದು ಕಾರಣ. ಹುಡುಗ ಚೆನ್ನಾಗಿಯೇ ಮಾಡಿದ, ಚಪ್ಪಾಳೆಯೂ ಬಿತ್ತು. ಮರುದಿನದಿಂದ ಓಣಿಯ ಹುಡುಗರಿಗೆ ಅವನು 'ರಜಾಕಾರ' ಆದ. ದೀಪಾವಳಿ ದಾಟಿದರೂ ಆ ಹೆಸರು ಹೋಗಲಿಲ್ಲ. ಅವನ ತಾಯಿ ನನ್ನ ಜೊತೆ ಶಾವಿಗೆ ಹೊಸೆಯಲು ಕೂಡುವಾಕೆ. "ನಾಟಕ ಮುಗಿದು ಎಷ್ಟು ದಿನ ಆತವ್ವಾ, ನನ್ನ ಮಗ ಇನ್ನೂ ವೇಷ ಬಿಚ್ಚಿಲ್ಲ" ಎಂದಳು. ನನಗೆ ಉತ್ತರ ಹೊಳೆಯಲಿಲ್ಲ.

ಅದೇ ನಾಟಕದಲ್ಲಿ ಶೋಯಬುಲ್ಲಾ ಖಾನ್ ಇದ್ದಿದ್ದರೆ? ಹೈದರಾಬಾದಿನ 'ಇಮ್ರೋಜ್' ಎಂಬ ಉರ್ದು ಪತ್ರಿಕೆಯ ಸಂಪಾದಕ ಅವರು. ಸಂಸ್ಥಾನ ಭಾರತಕ್ಕೆ ಸೇರಬೇಕು ಎಂದು ಧೈರ್ಯವಾಗಿ ಬರೆದರು. 1948ರ ಆಗಸ್ಟಿನಲ್ಲಿ, ವಿಮೋಚನೆಗೆ ಒಂದು ತಿಂಗಳೂ ಉಳಿದಿರದಾಗ, ರಜಾಕಾರರು ಅವರನ್ನು ಕೊಂದರು. ಬರೆಯುವ ಕೈಯನ್ನೇ ಕತ್ತರಿಸಿದರು. ಈ ಒಂದು ದೃಶ್ಯ ಸೇರಿಸಿದರೆ ನಾಟಕದ ಅರ್ಥವೇ ಬದಲಾಗುತ್ತದೆ. ಜಗಳ ಇದ್ದದ್ದು ಧರ್ಮ ಧರ್ಮದ ನಡುವೆ ಅಲ್ಲ, ಮಾತಾಡುವ ಹಕ್ಕಿಗಾಗಿ ಎಂಬುದು ಹತ್ತು ವರ್ಷದ ಹುಡುಗನಿಗೂ ತಿಳಿಯುತ್ತದೆ. ಆ ಸಂಪಾದಕನ ಪಾತ್ರವನ್ನು ಯಾವ ಹುಡುಗನಾದರೂ ಮಾಡಲಿ, ರಜಾಕಾರನ ಪಾತ್ರವನ್ನೂ ಅಷ್ಟೇ.

ಕೆರೆಯ ನಾಟಕದಲ್ಲಿಯೂ ಇದೇ ಆಗುತ್ತದೆ. 1927ರ ಮಾರ್ಚ್ 20ರಂದು ಮಹಾಡದ ಚೌದಾರ ಕೆರೆಯಲ್ಲಿ ಡಾ. ಅಂಬೇಡ್ಕರರು ಬೊಗಸೆ ನೀರು ಕುಡಿದ ಪ್ರಸಂಗವನ್ನು ಶಾಲೆಗಳಲ್ಲಿ ಆಡಿಸುತ್ತಾರೆ. ಕೆರೆ ಎಲ್ಲರದು ಎಂದು ಪುರಸಭೆಯವರು ಮೊದಲೇ ಠರಾವು ಮಾಡಿದ್ದರೂ ನೀರು ಮುಟ್ಟಲು ಬಿಟ್ಟಿರಲಿಲ್ಲ. ಮುಂದೆ ಹೈಕೋರ್ಟಿನ ತೀರ್ಪು ಬಂದದ್ದು 1937ರಲ್ಲಿ, ಹತ್ತು ವರ್ಷದ ಮೇಲೆ. ಈ ನಾಟಕದಲ್ಲಿ "ದೂರ ನಿಂದ್ರು" ಅನ್ನಿಸಿಕೊಳ್ಳುವ ಪಾತ್ರ ಯಾರಿಗೆ ಹೋಗುತ್ತದೆ, ಗಮನಿಸಿದ್ದೀರಾ? ಹೆಚ್ಚಾಗಿ ಆ ಕೇರಿಯ ಮಗುವಿಗೇ. ಮನೆಯಲ್ಲಿ ಅಜ್ಜನಿಂದ ಕೇಳಿದ್ದನ್ನು ಅದು ಎಲ್ಲರೆದುರು ಮತ್ತೆ ಅನುಭವಿಸಬೇಕು. ಆ ಮಗು ಅಂಬೇಡ್ಕರರಾಗಲಿ, ಪುರಸಭೆಯ ಅಧ್ಯಕ್ಷನಾಗಲಿ. ನನ್ನ ಮಗ, ನಿಮ್ಮ ಮಗಳು ಕೊಡ ಹಿಡಿದು ದೂರ ನಿಲ್ಲಲಿ. ಒಂದು ತಾಲೀಮಿನಲ್ಲಿ ಹತ್ತು ನಿಮಿಷ ಹಾಗೆ ನಿಂತರೆ ಸಾಕು, ಮನೆಗೆ ಬಂದು ತಾನಾಗಿಯೇ ಪ್ರಶ್ನೆ ಕೇಳುತ್ತದೆ. ಆಗ ನಾವು ತಾಯಂದಿರು "ಅದೆಲ್ಲ ಹಳೇದು, ರೊಟ್ಟಿ ತಿನ್ನು" ಅನ್ನಬಾರದು, ಅಷ್ಟೇ.

ಹೋಟೆಲಿನಲ್ಲಿ ಬೇರೆ ಲೋಟ ಇಡುವುದು ಅಪರಾಧ ಎಂದು ಎಷ್ಟು ಮಕ್ಕಳಿಗೆ ಗೊತ್ತು? 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆಗೆ 1976ರಲ್ಲಿ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಎಂದು ಹೆಸರಾಯಿತು. ಅದರಲ್ಲಿ 1ರಿಂದ 6 ತಿಂಗಳವರೆಗೆ ಸಜೆ, ಜೊತೆಗೆ ದಂಡ. ಮೇಜಿನ ಮೇಲೆ ಒಂದು ಸ್ಟೀಲ್ ಲೋಟ, ಒಂದು ತೆಂಗಿನ ಚಿಪ್ಪು ಇಟ್ಟರೆ ಅರ್ಧ ನಾಟಕ ಆದಂತೆ.

ಖರ್ಚಿನ ಚಿಂತೆ ಬೇಡ. 1975ರಲ್ಲಿ ಹುಟ್ಟಿದ 'ಸಮುದಾಯ' ತಂಡದವರು ಪರದೆ, ದೀಪ ಏನೂ ಇಲ್ಲದೆ ಬೀದಿಯಲ್ಲಿ ಆಡಿ ತೋರಿಸಿದವರು. 1977ರಲ್ಲಿ ಬಿಹಾರದ ಬೆಲ್ಚಿ ಎಂಬ ಹಳ್ಳಿಯಲ್ಲಿ 11 ಜನರನ್ನು ಕೊಂದು ಸುಟ್ಟ ಸುದ್ದಿಯನ್ನು ಸಿ.ಜಿ. ಕೃಷ್ಣಸ್ವಾಮಿ 'ಬೆಲ್ಚಿ' ಎಂಬ ಬೀದಿ ನಾಟಕ ಮಾಡಿದರು. ಎಲ್ಲಿಯದೋ ಹಳ್ಳಿಯ ಸಂಕಟ ಕನ್ನಡದ ಬೀದಿಗೆ ಬಂತು. ಸಣ್ಣ ಮಕ್ಕಳಿಗೆ ಅಷ್ಟು ಕ್ರೌರ್ಯ ಬೇಡವೆಂದೇ ನನ್ನ ಅಭಿಪ್ರಾಯ. ಕಾಲೇಜಿನವರಿಗೆ ಸರಿ.

ಸಣ್ಣವರಿಗೆ ನಾನಾದರೆ ಬಸ್ಸಿನ ಕಥೆ ಆಡಿಸುತ್ತೇನೆ. 1955ರ ಡಿಸೆಂಬರ್ 1ರಂದು ಅಮೆರಿಕದ ಮಾಂಟ್ಗೊಮರಿ ಎಂಬ ಊರಿನಲ್ಲಿ ರೋಸಾ ಪಾರ್ಕ್ಸ್ ಎಂಬ ಕರಿಯ ಹೆಣ್ಣುಮಗಳು, ಹೊಲಿಗೆ ಕೆಲಸದಾಕೆ, ಬಿಳಿಯನಿಗಾಗಿ ಸೀಟು ಬಿಡಲಿಲ್ಲ. ಆಗ ಆಕೆಗೆ 42 ವರ್ಷ, ಹೆಚ್ಚು ಕಡಿಮೆ ನನ್ನ ವಯಸ್ಸೇ. ಪೊಲೀಸರು ಹಿಡಿದರು. ಆ ಊರಿನ ಕರಿಯರು 381 ದಿನ ಬಸ್ಸು ಹತ್ತಲಿಲ್ಲ. ಮನೆಗೆಲಸದ ಹೆಂಗಸರು ಮೈಲಿಗಟ್ಟಲೆ ನಡೆದರು. ಎಂಟು ಕುರ್ಚಿ ಇಟ್ಟರೆ ಬಸ್ಸಾಯಿತು. ಕಿಟಕಿಯಿಂದ ಟವೆಲ್ ಒಗೆದು ಸೀಟು ಹಿಡಿಯುವ ನಮ್ಮ ಮಕ್ಕಳಿಗೆ ಇದನ್ನು ವಿವರಿಸುವ ಅಗತ್ಯವೇ ಬೀಳದು!

ನವೆಂಬರ್ 26 ಸಂವಿಧಾನ ದಿನ. ಅಂದು ಆಡಬೇಕಾದರೆ ಒಂದು ತಿಂಗಳು ಮೊದಲೇ ಶುರುಮಾಡಿರಿ. ಇಪ್ಪತ್ತು ನಿಮಿಷ ಮೀರದಿರಲಿ. ವಾಡಿಯಂಥ ರೈಲ್ವೆ ಊರಿನಲ್ಲಿ ಕನ್ನಡ, ಉರ್ದು, ತೆಲುಗು ಎಲ್ಲ ಬೆರೆಸಿ ಆಡಲಿ, ಚಿಂಚೋಳಿಯ ತಾಂಡಾದ ಮಕ್ಕಳು ತಮ್ಮ ಮಾತಿನಲ್ಲೇ ಹೇಳಲಿ. ಇನ್ನೊಂದು, ನಾಟಕ ಮುಗಿದ ಕೂಡಲೇ ಅತಿಥಿಗಳ ಕೈಗೆ ಮೈಕು ಕೊಡಬೇಡಿ. ನೋಡಲು ಬಂದ ಅಜ್ಜಿಯರ ಕಡೆ ಮೊದಲು ಹಿಡಿಯಿರಿ. "ನಮ್ಮ ಕಾಲದಾಗ ಆ ಬಾವಿ ಕಟ್ಟೀಮ್ಯಾಲೆ…" ಎಂದು ಯಾರಾದರೂ ಒಬ್ಬಾಕೆ ಶುರುಮಾಡೇ ಮಾಡುತ್ತಾಳೆ. ಆಕೆಗೆ ಕೂಡಲು ಒಂದು ಕುರ್ಚಿ ಕೊಡಿ.